ಕ್ಯಾರಿಯರ್‌ಗೆ ಏನಾದ್ರೂ ಮಾಡ್ಸಿ

"ಆ ಮೇಲಿರೋ ಕ್ಯಾರಿಯರ್‌ಗೆ ಏನಾದ್ರೂ ಮಾಡ್ಸಿ" ಎಂದು ವಾಹನ ತಪಾಸಣೆ ಕಚೇರಿಯ ಮೇಡಂ ಹೇಳಿದಾಗ ಬೆಳಿಗ್ಗೆ ಹತ್ತೂಕಾಲು. ಹೇಳಿ, ಪೆನ್ನಿನ ತುದಿಯಿಂದ ಕಾರಿನ ನೆತ್ತಿ ತೋರಿಸಿ, ರಿಜಿಸ್ಟರಿನಲ್ಲಿ ಏನೋ ಗೀಚಿಕೊಂಡು ಹಿಂದಿನ ಗಾಡಿಯ ಕಡೆ ನಡೆದುಬಿಟ್ಟರು. ಏನಾದ್ರೂ ಅಂದರೆ ಏನು ಎಂದು ಕೇಳುವಷ್ಟು ಎದೆಗಾರಿಕೆ ಅಲ್ಪವಿರಾಮನಿಗೆ ಇರಲಿಲ್ಲ.

ಅಲ್ಪವಿರಾಮ ಎನ್ನುವುದು ಅವನ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ಬೆನ್ನು ಅದೇ ಆಕಾರಕ್ಕೆ ಬಾಗಿತ್ತು. ಜೊತೆಗೆ ಎರಡು ಮಾತಿಗೊಮ್ಮೆ ನಿಲ್ಲಿಸಿ ನಿಟ್ಟುಸಿರು ಬಿಡುವ ಚಾಳಿ. ಬೀದಿಯವರು ಇಟ್ಟ ಅಡ್ಡಹೆಸರು ಮೈಗೆ ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿತ್ತು.

ಕಾರಿಗೆ ಇಪ್ಪತ್ತು ವರ್ಷ. ನೆತ್ತಿಯ ಮೇಲಿನ ಕ್ಯಾರಿಯರ್ ಕಂಪನಿಯವರೇ ಕೂರಿಸಿ ಕೊಟ್ಟದ್ದು: ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸರಳು, ನಡುವೆ ಎರಡು ಅಡ್ಡಪಟ್ಟಿ. ಅಷ್ಟು ವರ್ಷದಲ್ಲಿ ಅದು ಹೊತ್ತದ್ದು ಒಮ್ಮೆ ಒಂದು ಹಾಸಿಗೆ, ಉಳಿದಂತೆ ಕಾಗೆಗಳು. ಕಪ್ಪು ಬಣ್ಣ ಹಕ್ಕಳೆಯಾಗಿ ಎದ್ದಿತ್ತು. ಕಾರು ತೊಳೆದಾಗಲೆಲ್ಲ ಕಿಟಕಿಯ ಗಾಜಿನ ಮೇಲೆ ತುಕ್ಕಿನ ಕಣ್ಣೀರು ಇಳಿಯುತ್ತಿತ್ತು.

ಅದನ್ನು ಇಷ್ಟು ದಿನ ಯಾರೂ ಗಮನಿಸಿರಲಿಲ್ಲ. ಆದರೆ ಕಾರಿನ ಯೋಗ್ಯತಾ ಪತ್ರದ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ನಾಳೆಯಿಂದ ಅದು ರಸ್ತೆಗಿಳಿಯುವ ಹಾಗಿಲ್ಲ. ಹೋದ ವರ್ಷ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹೆಂಡತಿ ವಾರಕ್ಕೆರಡು ಸಂಜೆ ವ್ಯಾಯಾಮ ಚಿಕಿತ್ಸೆಗೆ ಹೋಗಬೇಕು. ಬಸ್ಸಿನ ಮೆಟ್ಟಿಲಿಗೆ ಅವಳಿಗೆ ಕಾಲು ಎತ್ತಲಾಗದು. ಈ ಹಳೇ ಕಾರಿನ ಮುಂದಿನ ಸೀಟು ಮಾತ್ರ ಕೂರಲೂ ಏಳಲೂ ಹೇಳಿ ಮಾಡಿಸಿದ ಎತ್ತರಕ್ಕಿತ್ತು. ಆ ಸೀಟಿನ ಪುಣ್ಯದಿಂದಲೇ ಅವಳು ಹಾಸಿಗೆ ಬಿಟ್ಟು ಕೋಲಿನವರೆಗೆ ಬಂದಿದ್ದಳು.

"ಪಾಸಾಯ್ತಾ?" ಎಂದಳು ಕಿಟಕಿಯಿಂದ, ಕಾರಿನ ಸದ್ದು ಕೇಳಿ.

"ಎಲ್ಲಿ ಬಂತು, ಕ್ಯಾರಿಯರ್, ಸರಿ ಮಾಡಿಸ್ಕೊಂಡು, ನಾಲ್ಕರೊಳಗೆ ಹೋಗ್ಬೇಕು."

"ನಾಲ್ಕರೊಳಗೆ ಬನ್ನಿ ಅಂತ ಅವ್ರು ಹೇಳಿದ್ರಾ?"

"ಕಚೇರಿ ಮುಚ್ಚೋದು, ನಾಲ್ಕಕ್ಕೆ."

ಮಾತು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಫೋರ್‌ಮನ್ನರ ಕಿವಿಗೆ ಬಿತ್ತು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬಿಚ್ಚಲು ಏನೂ ಸಿಗದೆ ಕೈ ಕಡಿಯುತ್ತಿದ್ದ ಮನುಷ್ಯ. ಐದು ನಿಮಿಷದಲ್ಲಿ ಸ್ಪಾನರ್ ಪೆಟ್ಟಿಗೆಯೊಂದಿಗೆ ಕೆಳಗಿದ್ದರು. ಅದೇ ಹೊತ್ತಿಗೆ ಎದುರು ಮನೆಯಿಂದ ಹೆಂಡತಿಯ ತಮ್ಮ ಬಂದ. ಅವನು ಪೇಂಟರ್. ಫೋರ್‌ಮನ್ನರಿಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

"ಏನಾದ್ರೂ ಮಾಡ್ಸಿ ಅಂದ್ರೆ ಕಿತ್ತು ಬಿಸಾಕಿ ಅಂತ ಅರ್ಥ" ಎಂದರು ಫೋರ್‌ಮನ್. "ಅಧಿಕಾರಿಗಳು ಒರಟಾಗಿ ಮಾತಾಡಲ್ಲ. ನಾವೇ ತಿಳ್ಕೋಬೇಕು."

"ಕೀಳೋದಿದ್ರೆ ಕೀಳಿ ಅಂತಿದ್ರು" ಎಂದ ಭಾವಮೈದ. "ಮಾಡ್ಸಿ ಅಂದ್ರೆ ರಿಪೇರಿ ಮಾಡ್ಸಿ ಅಂತ. ಉಜ್ಜಿ ಎರಡು ಕೋಟ್ ಹೊಡೆದ್ರೆ ಶೋರೂಮಿಂದ ಬಂದಂಗಿರುತ್ತೆ. ಭಾವ, ನೀವೇ ಹೇಳಿ, ಅಕ್ಷರ ಓದೋರು ನೀವು."

ಇಬ್ಬರೂ ಅವನ ಮುಖ ನೋಡಿದರು. ಅಲ್ಪವಿರಾಮನಿಗೆ ಬದುಕಿನಲ್ಲಿ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ಫೋರ್‌ಮನ್ನರ ಕಡೆ ತಿರುಗಿ "ಆಯ್ತು" ಎಂದ. ಭಾವಮೈದನ ಮುಖ ಬಾಡಿದ್ದು ಕಂಡು ಅವನಿಗೂ "ಆಯ್ತು" ಎಂದ.

ಮೂರನೆಯ ಮಾತು ಏನಿರುತ್ತಿತ್ತೋ, ಅಷ್ಟರಲ್ಲಿ ಮುದ್ರಣಾಲಯದ ಯಜಮಾನರ ಫೋನ್ ಬಂತು. ಅವನು ತಿದ್ದಿ ಕಳಿಸಿದ ಶ್ರದ್ಧಾಂಜಲಿ ಪ್ರಕಟಣೆಯಲ್ಲಿ ಸತ್ತವರ ಹೆಸರು ದುಃಖತಪ್ತರ ಪಟ್ಟಿಗೂ, ದುಃಖತಪ್ತ ಮಗನ ಹೆಸರು ಫೋಟೋದ ಕೆಳಕ್ಕೂ ಹೋಗಿತ್ತು. ಮಗ ಮುದ್ರಣಾಲಯದಲ್ಲೇ ಬಂದು ಕೂತಿದ್ದ, ತಾನು ಬದುಕಿದ್ದೇನೆಂದು ಅಚ್ಚಿನಲ್ಲಿ ಬರಬೇಕೆಂದು. ಅಲ್ಪವಿರಾಮ ಒಳಗೆ ಹೋಗಿ, ಆ ಪುಟವನ್ನು ಫೋನಿನಲ್ಲೇ ಸಾಲುಸಾಲಾಗಿ ಓದಿಸಿಕೊಂಡು, ತಿದ್ದಿಸಿ, ಬೈಸಿಕೊಂಡು, ಕ್ಷಮೆ ಕೇಳಿ ಹೊರಬರುವ ಹೊತ್ತಿಗೆ ಮೂರು ತಾಸು ಕಳೆದಿತ್ತು.

ಹೊರಗೆ ಕೆಲಸ ಭರದಿಂದ ಸಾಗಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಎಡಗಡೆ ಭಾವಮೈದ ಸರಳನ್ನು ಉಜ್ಜಿ, ಒರೆಸಿ, ಮಿರಿಮಿರಿ ಮಿಂಚುವ ಕಪ್ಪು ಬಳಿದಿದ್ದ. ಬಲಗಡೆ ಫೋರ್‌ಮನ್, ತುಕ್ಕು ಹಿಡಿದ ಬೋಲ್ಟುಗಳು ತಿರುಗದೆ ಹೋದುದರಿಂದ, ನಾಲ್ಕನ್ನೂ ಡ್ರಿಲ್ ಹಾಕಿ ಹಾರಿಸಿದ್ದರು. ಅಡ್ಡಪಟ್ಟಿಗಳನ್ನು ಗರಗಸದಲ್ಲಿ ಕೊಯ್ದು, ಸರಳನ್ನು ನಾಲ್ಕು ತುಂಡು ಮಾಡಿ, ದಾರಿಯಲ್ಲಿ ಹೋಗುತ್ತಿದ್ದ ಗುಜರಿ ಗಾಡಿಗೆ ಹಾಕಿ ಕಳಿಸಿಯೂ ಆಗಿತ್ತು. ಕಾರು ಒಂದು ಹುಬ್ಬು ಬೋಳಿಸಿದ ಮುಖದಂತೆ ನಿಂತಿತ್ತು.

"ಇದೇನು, ಇದು" ಎಂದ ಅಲ್ಪವಿರಾಮ.

"ನನ್ನ ಭಾಗ ಮುಗೀತು" ಎಂದರು ಫೋರ್‌ಮನ್. "ಆ ಕಡೇದೂ ಕೀಳೋಣ ಅಂದ್ರೆ ನಿಮ್ಮ ಭಾವಮೈದ ಬ್ರಷ್ ಹಿಡ್ಕೊಂಡು ಅಡ್ಡ ನಿಂತ."

"ಹಸಿ ಬಣ್ಣ ಭಾವ, ನಾಳೆವರೆಗೂ ಯಾರೂ ಮುಟ್ಟಂಗಿಲ್ಲ."

ಫೋರ್‌ಮನ್ ಬೋಲ್ಟಿನ ನಾಲ್ಕು ತೂತಿಗೂ ಬಿಳಿ ಪುಟ್ಟಿ ಮೆತ್ತಿ ತುಂಬಿದರು. ಒಳಗಿನಿಂದ ಒತ್ತಿ ಹಿಡಿಯಲು ಹೋಗಿ ಚಾವಣಿಯ ಬಟ್ಟೆಯನ್ನು ಸ್ವಲ್ಪ ಎಳೆದರು. ಇಪ್ಪತ್ತು ವರ್ಷದ ಅಂಟು, ಇದೇ ಗಳಿಗೆಗೆ ಕಾದಿತ್ತೆಂಬಂತೆ, ಪೂರ್ತಿ ಬಿಟ್ಟುಕೊಂಡಿತು. ಬಟ್ಟೆ ಡ್ರೈವರ್ ಸೀಟಿನ ಮೇಲೆ ಜೋತುಬಿತ್ತು.

"ಅದಕ್ಕೂ ಏನಾದ್ರೂ ಮಾಡೋಣ" ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅಲ್ಪವಿರಾಮ ಕಾರು ಹತ್ತಿ ಹೊರಟೇಬಿಟ್ಟ. ಆಗ ಮೂರು ಗಂಟೆ.

ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಕಣ್ಣಿಗೆ ಬೀಳುವ ಬಟ್ಟೆ. ಮುಸುಕು ಹಾಕಿಕೊಂಡು ಕಾರು ಓಡಿಸುವ ಗಂಡಸನ್ನು ನೋಡಲು ಪಕ್ಕದ ಗಾಡಿಗಳು ನಿಧಾನವಾದವು. ಅರ್ಧ ದಾರಿಯಲ್ಲಿ ಜಿನುಗು ಮಳೆ ಹಿಡಿಯಿತು. ಹಸಿ ಪುಟ್ಟಿ ಒಂದೊಂದಾಗಿ ಕರಗಿತು. ತೂತುಗಳು ಬಲಗಡೆ, ಅವನು ಕೂತದ್ದೂ ಬಲಗಡೆ. ಬಿಳಿ ನೀರು ಕಾಲರಿನೊಳಗೆ ಸಲೀಸಾಗಿ ಇಳಿಯತೊಡಗಿತು. ಅವನಿಗೆ ಸಿಟ್ಟು ಬರಲಿಲ್ಲ. ಎಲ್ಲೋ ಒಳಗೆ, ಇಬ್ಬರಿಗೂ ಆಯ್ತು ಅಂದವನಿಗೆ ಹೀಗೇ ಆಗಬೇಕಿತ್ತು ಎನಿಸಿತು. ಹೆಂಡತಿ ಮತ್ತೆ ಆ ಕೋಣೆಯಲ್ಲಿ, ಆ ಕಿಟಕಿಯ ಪಕ್ಕ, ಕೋಲನ್ನು ಗೋಡೆಗೆ ಒರಗಿಸಿ ಕೂತಿರುವುದು ಕಣ್ಣಿಗೆ ಕಟ್ಟಿತು. ಆಕ್ಸಿಲರೇಟರ್ ಒತ್ತಿದ.

ಕಚೇರಿ ಮುಟ್ಟಿದಾಗ ನಾಲ್ಕಕ್ಕೆ ಹನ್ನೆರಡು ನಿಮಿಷ. ಮೇಡಂ ಮೇಜಿನ ಡ್ರಾಯರಿಗೆ ಬೀಗ ಹಾಕುತ್ತಿದ್ದರು.

"ಮೇಡಂ, ಬೆಳಿಗ್ಗೆ ಹೇಳಿದ್ರಲ್ಲ, ಕ್ಯಾರಿಯರ್, ಮಾಡಿಸ್ಕೊಂಡು ಬಂದಿದೀನಿ, ಒಂದ್ಸಲ ನೋಡಿಬಿಡಿ."

ಮೇಡಂ ಅವನ ಪುಟ್ಟಿ ಇಳಿದು ಬಿಳಿಯಾದ ಕಾಲರನ್ನೂ, ಹಸಿ ಸರಳು ಮುಟ್ಟಿ ಕಪ್ಪಾದ ಅಂಗೈಯನ್ನೂ ನೋಡಿದರು. ನಂಬರ್ ಕೇಳಿ ರಿಜಿಸ್ಟರ್ ತೆರೆದು ಬೆರಳಾಡಿಸಿದರು.

"ನಿಮ್ಮ ಗಾಡಿ ಬೆಳಿಗ್ಗೆನೇ ಪಾಸಾಗಿದೆಯಲ್ರೀ. ಐದು ವರ್ಷಕ್ಕೆ ಬರೆದಿದೀನಿ. ಮಧ್ಯಾಹ್ನ ಪತ್ರ ಇಸ್ಕೊಂಡು ಹೋಗಿ ಅಂತ ಮೂರು ಸಲ ಕೂಗಿಸ್ದೆ, ನೀವೇ ಇರ್ಲಿಲ್ಲ."

ಅಲ್ಪವಿರಾಮ ಹೊರಗೆ ನಿಂತ ಕಾರಿನ ಕಡೆ ತಿರುಗಿ ನೋಡಿದ. "ಮತ್ತೆ, ಏನಾದ್ರೂ ಮಾಡ್ಸಿ, ಅಂದ್ರಲ್ಲ."

"ಅಂದೆ. ನೋಡೋಕೆ ಚೆನ್ನಾಗಿರಲ್ಲ ಅಂತ ಮನುಷ್ಯತ್ವದಲ್ಲಿ ಹೇಳಿದ್ದು. ಅದಕ್ಕೂ ಪಾಸಿಗೂ ಸಂಬಂಧ ಇಲ್ಲ." ಮೇಡಂ ಎದ್ದು ಪತ್ರ ಹುಡುಕಿ ತೆಗೆದರು. ಕೈ ಚಾಚಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ ಮೇಡಂ ಒಳ್ಳೆಯವರು. "ಪಾಪ, ಇಷ್ಟು ಕಷ್ಟಪಟ್ಟಿದೀರಿ. ಬನ್ನಿ, ಹೆಂಗೆ ಮಾಡ್ಸಿದೀರಿ ನೋಡೇಬಿಡೋಣ" ಎಂದು ಪತ್ರ ಹಿಡಿದುಕೊಂಡೇ ಹೊರಗೆ ನಡೆದರು.

ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮೇಡಂ ಕಾರಿನ ಸುತ್ತ ಒಂದು ಸುತ್ತು ಬಂದರು. ಒಂಟಿ ಸರಳಿಗೆ ಅಂಟಿಕೊಂಡ ಧೂಳು, ತರಗೆಲೆ ನೋಡಿದರು. ಕೊಯ್ದ ಪಟ್ಟಿಯ ಹಲ್ಲುಹಲ್ಲಾದ ತುದಿಗೆ ಬೆರಳು ತಾಗಿಸಿ ಹಿಂದಕ್ಕೆಳೆದುಕೊಂಡರು. ಬಾಗಿಲು ತೆರೆದು, ಜೋತುಬಿದ್ದ ಬಟ್ಟೆ ಸರಿಸಿ, ನಾಲ್ಕು ತೂತುಗಳ ಮೂಲಕ ಆಕಾಶ ನೋಡಿದರು.

"ಬೆಳಿಗ್ಗೆ ಇದ್ದ ಗಾಡಿ ಪಾಸು" ಎಂದರು ಕೊನೆಗೆ, ಮೆಲ್ಲಗೆ. "ಈಗ ಇರೋ ಗಾಡಿ ಫೇಲು. ನಾನು ನೋಡದೆ ಇದ್ದಿದ್ರೆ ಬೇರೆ ಮಾತು. ನೋಡಿಬಿಟ್ಟೆ. ದಾರೀಲಿ ಯಾರಿಗಾದ್ರೂ ಈ ಪಟ್ಟಿ ಕುಯ್ದ್ರೆ ನನ್ನ ಸಹಿ ಇರುತ್ತೆ." ಪತ್ರದ ಮೇಲೆ ಅಡ್ಡಗೆರೆ ಎಳೆದರು. "ಗಾಡಿ ಇಲ್ಲೇ ಬಿಟ್ಟು ಹೋಗಿ. ಬೆಳಿಗ್ಗೆ ಇದ್ದಂಗೇ ಮಾಡಿಸಿ, ಆಮೇಲೆ ಪತ್ರ ಕೊಡ್ತೀನಿ."

"ತುಕ್ಕು, ಸಮೇತನಾ?" ಎಂದು ಕೇಳಿದ ಅಲ್ಪವಿರಾಮ. ತಮಾಷೆಗಲ್ಲ.

ಬಸ್ಸಿಳಿದು ಬೀದಿಗೆ ಬಂದಾಗ ಐದು ದಾಟಿತ್ತು. ಬಾಗಿಲ ಕಟ್ಟೆಯ ಮೇಲೆ ಫೋರ್‌ಮನ್ನರೂ ಭಾವಮೈದನೂ ಅಕ್ಕಪಕ್ಕ ಕೂತು ಟೀ ಕುಡಿಯುತ್ತಿದ್ದರು.

"ಪಾಸಾಯ್ತಾ ಭಾವ?"

"ಆಗಿತ್ತಂತೆ, ಬೆಳಿಗ್ಗೆನೇ" ಎಂದು ಅವನು ನಡೆದದ್ದನ್ನೆಲ್ಲ ಹೇಳಿದ.

ಫೋರ್‌ಮನ್ ಲೋಟ ಕೆಳಗಿಟ್ಟು ತಲೆಯಾಡಿಸಿದರು. "ಅದಕ್ಕೇ ನಾನು ಹೇಳಿದ್ದು, ಎರಡೂ ಕಡೆ ಕೀಳ್ಬೇಕಿತ್ತು ಅಂತ."

"ಎರಡೂ ಕಡೆ ಬಣ್ಣ ಹೊಡೆದಿದ್ರೆ ಆ ಮೇಡಂ ಕೈ ಕುಲುಕಿ ಕಳಿಸ್ತಿದ್ರು" ಎಂದ ಭಾವಮೈದ. "ಈಗ್ಲೂ ಏನಾಗಿಲ್ಲ. ಹೊಸ ಸರಳು ತಂದು ತುಕ್ಕಿನ ಬಣ್ಣ ನಾನು ಹೊಡೀತೀನಿ, ದೇವರಾಣೆ ಯಾರಿಗೂ ಗೊತ್ತಾಗಲ್ಲ."

"ತುಕ್ಕಿಗೆ ಬಣ್ಣ ಯಾಕೋ. ಉಪ್ಪುನೀರಲ್ಲಿ ನೆನೆಹಾಕಿದ್ರೆ ತಾನೇ ಬರುತ್ತೆ."

ಅವರನ್ನು ಅಲ್ಲೇ ಬಿಟ್ಟು ಅಲ್ಪವಿರಾಮ ಒಳಗೆ ಹೋದ. ಹೆಂಡತಿ ತಲೆ ಬಾಚಿ, ತಮ್ಮನಿಂದ ಶೂ ಹಾಕಿಸಿಕೊಂಡು ಮಂಚದ ಅಂಚಿಗೆ ಕೂತಿದ್ದಳು. ಐದೂವರೆಗೆ ಚಿಕಿತ್ಸೆಯ ಸಮಯ. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

"ಯಾವುದಾದ್ರೂ, ಬೇರೆ ಗಾಡಿ, ಯಾರನ್ನಾದ್ರೂ ಕೇಳಿ, ಏನಾದ್ರೂ ಮಾಡ್ತೀನಿ" ಎಂದ.

"ಬೇಡ" ಎಂದಳು ಅವಳು. "ಇವತ್ತಿಗೆ ಇನ್ನೇನೂ ಮಾಡ್ಬೇಡಿ."

ಶೂ ಬಿಚ್ಚಲು ಬಗ್ಗಿದಳು, ಸೊಂಟ ಬಾಗಲಿಲ್ಲ. ಅಲ್ಪವಿರಾಮ ಅವಳ ಕಾಲ ಬಳಿ ನೆಲಕ್ಕೆ ಕೂತು ಲೇಸಿನ ಗಂಟು ಬಿಡಿಸತೊಡಗಿದ. ಕಟ್ಟೆಯ ಮೇಲೆ ಉಪ್ಪು ಎಷ್ಟು ಹಾಕಬೇಕೆಂಬ ವಾದ ಶುರುವಾಗಿತ್ತು.