ಊದಿ ಓಡಿಸಿದ ಧೂಳಿನ ಕಣಕ್ಕೆ, ವಿಳಾಸ ಗೊತ್ತಿಲ್ಲದ ಕಾರಣ ಬಹಿರಂಗವಾಗಿ

ಮಾನ್ಯ ಧೂಳಿನ ಕಣದವರೇ,

ಸೂಕ್ಷ್ಮದರ್ಶಕದ ನೆತ್ತಿಯ ಮೇಲೆ ಕ್ಯಾಮೆರಾ ಕೂರಿಸಿ, ಮಕ್ಕಳ ಪುಸ್ತಕವೊಂದಕ್ಕೆ ಸತ್ತ ಇರುವೆಯ ಚಿತ್ರ ತೆಗೆಯುತ್ತಿರುವ ಹೆಂಗಸಿನ ಸವಿನಯ ವಂದನೆಗಳು. ಮೂರು ವಾರ ನನ್ನ ಕ್ಯಾಮೆರಾದೊಳಗೆ ಬಾಡಿಗೆಯಿಲ್ಲದೆ ಬಿಡಾರ ಹೂಡಿದ್ದ ತಮ್ಮ ಮೇಲೆ ಇದು ದೂರಲ್ಲ. ದೂರೇ ಎಂದು ತಮಗೆ ಅನ್ನಿಸಿದರೆ ತಮ್ಮ ಅಂದಾಜು ಸರಿಯಾಗಿದೆ.

ಕೆಳಗಿನಿಂದ ದೀಪ ಹಾಕಿದಾಗ ಇರುವೆ ಇದ್ದಿಲಿನ ತುಂಡಾಯಿತು, ತಾವು ಸ್ಪಷ್ಟವಾಗಿದ್ದಿರಿ. ಫ್ಲ್ಯಾಶ್ ಹೊಡೆದಾಗ ಅದರ ತಲೆ ನಮ್ಮ ಮಾವನವರ ತಲೆಯಂತೆ ಥಳಥಳಿಸಿತು, ಆಗಲೂ ತಾವಿದ್ದಿರಿ. ಕೊನೆಗೆ ಕಾಗದದ ಲೋಟದ ತಳ ಕತ್ತರಿಸಿ, ಅದನ್ನು ಇರುವೆಯ ಸುತ್ತ ನಿಲ್ಲಿಸಿ, ಹೊರಗಿನಿಂದ ಎರಡು ಮೇಜಿನ ದೀಪ ಹಚ್ಚಿದೆ. ಬೆಳಕು ಸೋಸಿದ ಹಾಲಿನಂತೆ ಇಳಿದು ಇರುವೆಯ ಒಂದೊಂದು ರೋಮವೂ ಮೂಡಿಬಂತು, ಕೆನ್ನೆಯ ಮೇಲೆ ತಾವೂ. ಗಾಜು ಒರೆಸಿದೆ, ಮಸೂರ ಒರೆಸಿದೆ. ಕಣ್ಣನ್ನೂ ಒಮ್ಮೆ ಒರೆಸಿಕೋ ಎಂದು ನಮ್ಮ ಮನೆಯವರು ಹೇಳಿದ್ದರಿಂದ ಅದನ್ನೂ ಒರೆಸಿಕೊಂಡೆ. ಇರುವೆಯನ್ನು ಸರಿಸಿದರೆ ಇರುವೆ ಸರಿಯಿತು, ತಾವು ಮಾತ್ರ ಕದಲಲಿಲ್ಲ; ತಮ್ಮ ಮನೆ ಕ್ಯಾಮೆರಾದೊಳಗೇ ಎಂದು ಆಗ ತಿಳಿಯಿತು. ಮೊನ್ನೆ ಗಾಳಿ ಊದುವ ರಬ್ಬರ್ ಬುಗ್ಗೆ ಹಿಚುಕಿ, ಉಫ್ ಎಂದು ತಮ್ಮನ್ನು ಒಕ್ಕಲೆಬ್ಬಿಸಿದೆ.

ಈ ದಿನ ಸಂಪಾದಕಿಯವರ ಪತ್ರ ಬಂದಿದೆ. ನಾನು ಮುಂಚೆಯೇ ಕಳಿಸಿದ್ದ ಚಿತ್ರ ನೋಡಿ, ಕೆನ್ನೆಯ ಮೇಲೆ ಮಚ್ಚೆಯಿರುವ ಇರುವೆ ಎಷ್ಟು ಮುದ್ದಾಗಿದೆ ಎಂದು ಮೆಚ್ಚಿ, ಅದಕ್ಕೆ ಮಚ್ಚೆಮ್ಮ ಎಂದು ಹೆಸರಿಟ್ಟು, ಕಥೆಯನ್ನೂ ಬರೆಸಿ, ಸೋಮವಾರದೊಳಗೆ ಮಚ್ಚೆಮ್ಮನ ಇನ್ನೂ ಒಂಬತ್ತು ಚಿತ್ರ ಕೇಳಿದ್ದಾರೆ. ಅದು ಮಚ್ಚೆಯಲ್ಲ, ಧೂಳು ಎಂದು ನಿಜ ಹೇಳಿದರೆ ನನ್ನ ಮೊದಲ ಪುಸ್ತಕ ಕೈತಪ್ಪುತ್ತದೆ. ಕಂಪ್ಯೂಟರಿನಲ್ಲೇ ಒಂದು ಚುಕ್ಕೆ ಇಟ್ಟುಬಿಡು ಎನ್ನುತ್ತಾರೆ ಮನೆಯವರು. ಅಸಲಿ ಧೂಳನ್ನು ಮಚ್ಚೆ ಎನ್ನುವುದಕ್ಕಿಂತ ನಕಲಿ ಧೂಳನ್ನು ಮಚ್ಚೆ ಎನ್ನುವುದು ದೊಡ್ಡ ಸುಳ್ಳೋ ಅಲ್ಲವೋ ಎಂದು ಬಹಳ ಯೋಚಿಸಿದೆ. ಚುಕ್ಕೆ ಇಡಲು ಕೈ ಬರಲಿಲ್ಲ.

ಆದ್ದರಿಂದ ದಯಮಾಡಿ ಹಿಂದಿರುಗಿ. ಮೇಲ್ಗಡೆ, ಬಲಕ್ಕೆ, ಅದೇ ಜಾಗ. ಇರುವೆಯ ಕೆನ್ನೆಯನ್ನು ತಾವಿದ್ದಲ್ಲಿಗೇ ತರುವ ಹೊಣೆ ನನ್ನದು. ಕ್ಯಾಮೆರಾದ ಮುಚ್ಚಳ ತೆರೆದೇ ಇದೆ. ತಾವು ಅಪ್ಪಿತಪ್ಪಿ ಕಸದ ಪಾಲಾಗಬಾರದೆಂದು ಮನೆ ಗುಡಿಸುವುದನ್ನೂ ನಿಲ್ಲಿಸಿದ್ದೇನೆ.

ಊದಿದ್ದಕ್ಕೆ ನಾಚಿರುವ, ತಮ್ಮ ವಿಶ್ವಾಸಿ,
ಇರುವೆಯ ಫೋಟೋದವಳು

ಮರೆತ ಮಾತು: ಕ್ಯಾಮೆರಾದ ತೆರೆದ ಬಾಗಿಲಿನಿಂದ ಈಗಷ್ಟೇ ಒಂದು ಕೂದಲೆಳೆ ಒಳಬಂದು, ಚಿತ್ರದಲ್ಲಿ ಇರುವೆಯ ಬಾಯಿಯ ಮೇಲೆ ಅಡ್ಡಡ್ಡ ಮಲಗಿದೆ. ಸೋಮವಾರದೊಳಗೆ ತಾವು ಬಾರದಿದ್ದರೆ, ಮಚ್ಚೆಮ್ಮ ತೀರಿಕೊಂಡಳೆಂದೂ, ಇವನು ಅವಳ ಗಂಡ ಮೀಸೆಯಪ್ಪನೆಂದೂ ಸಂಪಾದಕಿಯವರಿಗೆ ಬರೆಯುತ್ತೇನೆ.