ರಾಕ್ಷಸನಿಗೊಂದು ಮುಖ

ಗೋಳು ಶುರುವಾದದ್ದು ಮೂಗಿನಿಂದ.

ಮುಳಬಾಗಿಲಿನ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಅಶ್ವತ್ಥಪ್ಪನಿಗೆ ತನ್ನ ಕೈಚಳಕದ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೆಂಡತಿಯ ತಮ್ಮ ಮುನಿಕೃಷ್ಣಪ್ಪ ಮದರಾಸಿನ ಸಿನಿಮಾ ಕಂಪನಿಯೊಂದರಲ್ಲಿ ಕ್ಯಾಮರಾ ಕೆಲಸಕ್ಕಿದ್ದ. ಯುಗಾದಿಗೆ ಬಂದವನು ಮೊಳದುದ್ದದ ರಾಕ್ಷಸನ ಬೊಂಬೆಯೊಂದು ಬೇಕೆಂದ ಕೂಡಲೇ ಮೇಷ್ಟ್ರು ಒಪ್ಪಿಕೊಂಡುಬಿಟ್ಟಿದ್ದ.

"ಇದು ದಾರದಲ್ಲಿ ಕುಣಿಸೋ ಬೊಂಬೆ ಅಲ್ಲ ಭಾವ," ಎಂದಿದ್ದ ಮುನಿಕೃಷ್ಣಪ್ಪ. "ಒಳಗೆ ತಂತಿ ಇರಬೇಕು. ಕೈ ಬಗ್ಗಿಸಿದ್ರೆ ಬಗ್ಗಿದ ಹಾಗೇ ನಿಲ್ಲಬೇಕು. ಕೂದಲೆಳೆಯಷ್ಟು ಸರಿಸೋದು, ಒಂದು ಪಟ ತೆಗೆಯೋದು. ಮತ್ತೆ ಸರಿಸೋದು, ಇನ್ನೊಂದು ಪಟ. ಎಲ್ಲಾ ಸೇರಿಸಿ ಓಡಿಸಿದ್ರೆ ತಾನೇ ನಡೆದ ಹಾಗೆ ಕಾಣುತ್ತೆ."

"ನಡೆಯೋದೇನು, ಓಡೋ ಹಾಗೆ ಮಾಡ್ಕೊಡ್ತೀನಿ ಬಿಡು."

ಮೈ ಸಲೀಸಾಗಿ ಆಯಿತು. ತಗಡಿನ ಕೆಲಸದ ಮಹಮ್ಮದ್ ಇಸ್ಮಾಯಿಲ್ ಮೆತ್ತನೆಯ ಸೀಸದ ತಂತಿ ಕೊಟ್ಟ. ಅದಕ್ಕೆ ಹತ್ತಿ ಸುತ್ತಿ, ಮೇಲೆ ಬಟ್ಟೆ ಹೊಲಿದದ್ದಾಯಿತು. ಬೊಂಬೆ ಒಯ್ಯಲು ಬಾಮೈದ ಬರಬೇಕಿದ್ದ ಭಾನುವಾರ ಬೆಳಿಗ್ಗೆ, ನೆನೆಸಿ ರುಬ್ಬಿದ ಕಾಗದಕ್ಕೆ ಹುಣಸೆ ಬೀಜದ ಅಂಟು ಕಲಸಿ ಮುಖ ಮಾಡಿದ ಮೇಷ್ಟ್ರು, ಒಣಗಲೆಂದು ಬೊಂಬೆಯನ್ನು ಜಗಲಿಯ ಮೇಲೆ ಕೂರಿಸಿದ. ಆಗ ಅದರ ಅಂಗಿ ಹೊಲಿದು ತಂದ ದರ್ಜಿ ನಬೀ ಸಾಬ್ ಬೊಂಬೆಯನ್ನು ಎಡದಿಂದ ನೋಡಿದ, ಬಲದಿಂದ ನೋಡಿದ.

"ಅರೆ ಮೇಷ್ಟ್ರೇ, ಇದು ನಮ್ಮ ವೆಂಕಟರಮಣಪ್ಪನೋರ ಮೂಗಲ್ವಾ?"

ವೆಂಕಟರಮಣಪ್ಪ ಎದುರು ಮನೆಯವರು, ತಾಲ್ಲೂಕು ಕಚೇರಿಯ ಗುಮಾಸ್ತರು. ನಬೀ ಸಾಬ್ ಬೀದಿ ತಿರುಗುವಷ್ಟರಲ್ಲಿ ಅವರು ಜಗಲಿಯ ಮುಂದೆ ನಿಂತಿದ್ದರು. ಅವರ ಮೂಗಂತೂ ಅವರಿಗಿಂತ ಮೊದಲೇ ಬಂದಿತ್ತು.

"ಮೇಷ್ಟ್ರೇ, ನಾಳಿದ್ದು ಮಗಳನ್ನ ನೋಡೋಕೆ ಶ್ರೀನಿವಾಸಪುರದೋರು ಬರ್ತಾರೆ. ಆಮೇಲೆ ಅವರು ಸಿನಿಮಾದಲ್ಲಿ ಈ ಮೂಗು ನೋಡಿ, ಬೀಗರು ರಾಕ್ಷಸ ಅಂದ್ರೆ ನಾನೇನ್ ಮಾಡ್ಲಿ?"

"ಒಂದ್ ನಿಮಿಷ ಸಾರ್," ಎಂದು ಮೇಷ್ಟ್ರು ಮೂಗು ಕಿತ್ತು ಗೋಲಿಯಂಥದೊಂದನ್ನು ಅಂಟಿಸಿದ. ಮೂಗು ಸಣ್ಣದಾದ ಕೂಡಲೇ ಮೀಸೆ ಎದ್ದು ಕಂಡಿತು. ಹಾಲು ಹಾಕಲು ಬಂದ ಅಕ್ಕಯಮ್ಮ ಚೊಂಬು ಕೆಳಗಿಟ್ಟು ಸೆರಗು ಕಣ್ಣಿಗೊತ್ತಿಕೊಂಡಳು.

"ಏಮಯ್ಯಾ ಮೇಷ್ಟ್ರೇ, ನಮ್ಮ ಯಜಮಾನ್ರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವರ ಮೀಸೆ ತಂದು ರಾಕ್ಷಸನಿಗೆ ಅಂಟಿಸಿದೀಯಲ್ಲ, ನಿಂಗೆ ನಾನು ಯಾವತ್ತಾದ್ರೂ ನೀರು ಹಾಲು ಹಾಕಿದೀನಾ?"

ಹಾಕುತ್ತಿದ್ದುದೇನೋ ನಿಜ. ಆದರೂ ಮೇಷ್ಟ್ರು ಮೀಸೆ ತೆಗೆದ. ಮೀಸೆ ಹೋದದ್ದೇ ತಡ, ಹುಬ್ಬು ಕಂಬಳಿಹುಳದಂತೆ ಉಬ್ಬಿ ಕಂಡಿತು. ಅಂಥ ಹುಬ್ಬು ಇಡೀ ಊರಲ್ಲಿ ಒಬ್ಬರಿಗೇ ಇದ್ದದ್ದು, ಹೆಡ್ ಮೇಷ್ಟ್ರು ದೊಡ್ಡಮುನಿಯಪ್ಪನವರಿಗೆ. ಸುದ್ದಿ ಕೇಳಿ ಬಂದ ಅವರು ಹೆಚ್ಚು ಮಾತಾಡಲಿಲ್ಲ.

"ಅಶ್ವತ್ಥಪ್ಪ, ಗಡಿ ಕಡೆ ಹಳ್ಳಿ ಸ್ಕೂಲಿಗೆ ಒಬ್ಬ ಮೇಷ್ಟ್ರು ಬೇಕಂತೆ. ಹೆಸರು ಕಳಿಸು ಅಂದಿದಾರೆ," ಎಂದಷ್ಟೇ ಹೇಳಿ ಹುಬ್ಬು ಏರಿಸಿದರು. ಬೊಂಬೆಯ ಹುಬ್ಬು ಮಾಯವಾಯಿತು.

ಮಧ್ಯಾಹ್ನದ ಹೊತ್ತಿಗೆ ರಾಕ್ಷಸನ ಮುಖ ಸಿಪ್ಪೆ ಸುಲಿದ ಆಲೂಗಡ್ಡೆಯಂತಾಗಿತ್ತು. ಬೇರೆಯವನಾಗಿದ್ದರೆ ಅತ್ತುಬಿಡುತ್ತಿದ್ದ. ಅಶ್ವತ್ಥಪ್ಪ ಅಂಗಿಯ ತೋಳು ಮಡಿಸಿ ಹೊಸದಾಗಿ ಕೂತ. ಅಷ್ಟರಲ್ಲಿ ಹೆಂಡತಿ ಭಾರತಮ್ಮ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ಬಂದು ನಿಂತಳು.

"ರೀ, ಒರಳಲ್ಲಿ ಕಾಗದ ರುಬ್ಬಿದ್ದು ಯಾರು? ಚಟ್ನಿಯಲ್ಲಿ ಪೇಪರ್ ವಾಸನೆ ಬರ್ತಾ ಇದೆ."

ಅಲ್ಲಿಂದ ಶುರುವಾದ ಮಾತು ಒರಳು ಬಿಟ್ಟು ಒಲೆಗೆ, ಒಲೆ ಬಿಟ್ಟು ಮದುವೆಯಲ್ಲಿ ಕೊಟ್ಟ ಸೀರೆಗೆ ಹೋಯಿತು. ಮೇಷ್ಟ್ರು ತಲೆಯೆತ್ತಿ ಹೂಂ ಎನ್ನುತ್ತಾ, ತಲೆ ತಗ್ಗಿಸಿ ತಿದ್ದುತ್ತಾ ಹೋದ. ಕೈ ತನ್ನಷ್ಟಕ್ಕೆ ಓಡಿತು. ಅವಳು ಮಾತು ಮುಗಿಸುವ ಹೊತ್ತಿಗೆ ಮುಖ ಸಿದ್ಧವಾಗಿತ್ತು. ಉರಿಯುವ ಕಣ್ಣು, ಬಿಗಿದ ದವಡೆ, ಒಂದು ಕಡೆಗೆ ಏರಿದ ತುಟಿ. ಇಂಥ ರಾಕ್ಷಸ ಕಳೆ ತನ್ನ ಕೈಯಿಂದ ಹಿಂದೆಂದೂ ಮೂಡಿರಲಿಲ್ಲವೆಂದು ಅವನಿಗೇ ಅನಿಸಿತು.

ಪೆಟ್ರೋಲಿಲ್ಲದ ಯುದ್ಧಕಾಲದ ಇದ್ದಿಲು ಗ್ಯಾಸಿನ ಬಸ್ಸಿನಿಂದ ಮೈಯೆಲ್ಲ ಕಪ್ಪಾಗಿ ಇಳಿದ ಮುನಿಕೃಷ್ಣಪ್ಪ ಬರುವಾಗ ಬೀದಿಯವರೆಲ್ಲ ಜಗಲಿಯ ಮುಂದೆ ಸೇರಿದ್ದರು. ಅವನು ಬೊಂಬೆಯ ಕೈ ಬಗ್ಗಿಸಿದ, ಕಾಲು ಬಗ್ಗಿಸಿದ. ಎಲ್ಲವೂ ಬಗ್ಗಿದಂತೆಯೇ ನಿಂತವು.

"ಭೇಷ್ ಭಾವ. ಈಗ ಈ ಮುಖದೋರನ್ನ ತೋರಿಸಿ."

"ಯಾಕೆ?"

"ದೂರದಿಂದ ಬೊಂಬೆ ನಡೆಯುತ್ತೆ. ಹತ್ತಿರ ಬಂದಾಗ ನಿಜವಾದ ಮುಖ ಬೇಕು, ಎರಡೂ ಒಂದೇ ಥರ ಇರಬೇಕು. ಯಾರ ಮುಖ ನೋಡಿ ಬೊಂಬೆ ಮಾಡಿದಾರೋ ಆ ಮನುಷ್ಯನ್ನ ಇವತ್ತೇ ಮದರಾಸಿಗೆ ಕರ್ಕೊಂಡು ಬಾ ಅಂದಿದಾರೆ ಕಂಪನಿಯೋರು. ಊಟ, ತಿಂಡಿ, ಸೆಕೆಂಡ್ ಕ್ಲಾಸ್ ರೈಲು. ಪರದೆ ಮೇಲೆ ಹೆಸರು ಬೇರೆ ಹಾಕ್ತಾರೆ."

ವೆಂಕಟರಮಣಪ್ಪ ಬೀದಿಯವರನ್ನು ಸರಿಸಿಕೊಂಡು ಮುಂದೆ ಬಂದರು.

"ಮೊದಲು ಇದ್ದದ್ದು ನನ್ನ ಮೂಗು ಕಣಪ್ಪ. ನಬೀ ಸಾಬ್‌ನ ಬೇಕಾದ್ರೆ ಕೇಳು."

"ಮೂಗಿಂದ ಯಾರು ರಾಕ್ಷಸ ಆಗ್ತಾರೆ? ಹುಬ್ಬು ಇರಬೇಕು," ಎಂದರು ಹೆಡ್ ಮೇಷ್ಟ್ರು. "ಅಶ್ವತ್ಥಪ್ಪ, ನಾನು ತೆಗಿ ಅಂತ ಅಂದಿದ್ನೇನಯ್ಯಾ?"

"ನಮ್ಮ ಯಜಮಾನ್ರ ಮೀಸೆ ಆದ್ರೂ ಮದರಾಸ್ ನೋಡ್ತಿತ್ತು," ಎಂದು ಅಕ್ಕಯಮ್ಮ ನಿಟ್ಟುಸಿರಿಟ್ಟಳು. ಬೆಳಿಗ್ಗೆ ಮುಖ ಮಾಡಿದ್ದಕ್ಕೆ ಬೈದವರೆಲ್ಲ ಈಗ ಅಳಿಸಿದ್ದಕ್ಕೆ ಬೈಯತೊಡಗಿದರು.

ಮೇಷ್ಟ್ರು ಎದೆ ಸೆಟೆಸಿದ. "ಈ ಮುಖ ಯಾರದೂ ಅಲ್ಲ. ಪೂರ್ತಿ ನನ್ನ ಕಲ್ಪನೆ."

ಮುನಿಕೃಷ್ಣಪ್ಪ ಬೊಂಬೆಯನ್ನು ಬೆಳಕಿಗೆ ಹಿಡಿದ. ಬಾಗಿಲ ಕಡೆ ನೋಡಿದ. ಮತ್ತೆ ಬೊಂಬೆ ನೋಡಿದ. ಬೀದಿಯವರ ತಲೆಗಳೂ ಒಂದೊಂದಾಗಿ ಅತ್ತ ತಿರುಗಿದವು. ಬಾಗಿಲಲ್ಲಿ ಭಾರತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಕ್ಕ," ಎಂದ ಅವನು ಮೆಲ್ಲಗೆ, "ರಾಕ್ಷಸ ಬೇಡ, ರಾಕ್ಷಸಿ ಮಾಡೋಣ. ನಬೀ ಸಾಬ್ ಒಂದು ಸೀರೆ ಉಡಿಸಿದ್ರೆ ಆಯ್ತು."

ಭಾರತಮ್ಮ ಬಂದು ಬೊಂಬೆಯನ್ನು ಕೈಗೆತ್ತಿಕೊಂಡಳು. ಅವಳ ತುಟಿ ಒಂದು ಕಡೆಗೆ ಏರಿತು. ಅಶ್ವತ್ಥಪ್ಪ ಜಗಲಿಯಿಂದ ಒಂದು ಮೆಟ್ಟಿಲು ಕೆಳಗಿಳಿದ.

"ದವಡೆ ಚೆನ್ನಾಗಿ ಕೂತಿದೆ," ಎಂದಳು. "ರೈಲು ಎಷ್ಟು ಹೊತ್ತಿಗೆ ಮುನೀ?"

ಬೌರಿಂಗ್‌ಪೇಟೆಯಲ್ಲಿ ರೈಲು ಹಿಡಿಯಬೇಕೆಂದು ಸಂಜೆಯ ಬಸ್ಸಿಗೇ ಹೊರಟರು. ಕಿಟಕಿಯ ಪಕ್ಕ ಭಾರತಮ್ಮ ರೇಷ್ಮೆ ಸೀರೆಯುಟ್ಟು ಕೂತಿದ್ದಳು, ತೊಡೆಯ ಮೇಲೆ ರಾಕ್ಷಸಿ. ಮೇಷ್ಟ್ರು ಕಿಟಕಿಯ ಸರಳು ಹಿಡಿದು ಕೇಳಿದ, "ಮುನಿಕೃಷ್ಣ, ಇವಳು ವಾಪಸ್ ಬರೋದು ಯಾವತ್ತು?"

"ಬೊಂಬೆ ಕೆಲಸ ಮುಗಿದ ಮೇಲೇ ಅಕ್ಕನ ಸೀನು ಭಾವ. ರಾಕ್ಷಸಿ ಬೆಟ್ಟದ ಮೆಟ್ಟಿಲು ಇಳಿದು ಬರ್ತಾಳೆ, ಅಷ್ಟೇ ಇರೋದು. ಕೂದಲೆಳೆಯಷ್ಟು ಸರಿಸ್ತಾ ಹೋದ್ರೆ ಮೆಟ್ಟಿಲಿಗೊಂದು ದಿನ."

ಬಸ್ಸು ಹೊಗೆ ಉಗುಳಿ ಹೊರಟಿತು. ಅಶ್ವತ್ಥಪ್ಪ ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿದ.

"ಎಷ್ಟು ಮೆಟ್ಟಿಲೋ?"