ಚಿಕ್ಕಪ್ಪ ಕಟ್ಟೆ ಕೇಳಿದ್ದು

ನಮ್ಮ ಚಿಕ್ಕಪ್ಪನಿಗೆ ಮನೆ ಕಟ್ಟಲು ಬರುತ್ತಿರಲಿಲ್ಲ. ಹೀಗೆ ಬರೆದರೆ ಹಿಂದೂಪುರದ ಅರ್ಧ ಊರು ನನ್ನ ಮೇಲೆ ಜಗಳಕ್ಕೆ ಬರುತ್ತದೆ, ಏಕೆಂದರೆ ಆ ಅರ್ಧ ಊರು ಮಲಗುವುದು ಅವನು ಕಟ್ಟಿದ ಮನೆಗಳಲ್ಲೇ. ಆದರೂ ನನ್ನ ಮಾತು ನಿಜ. ಅವನು ಕಟ್ಟುತ್ತಿದ್ದದ್ದು ಜಗಲಿ. ಜಗಲಿಯ ಹಿಂದೆ ಏನಾದರೂ ಇರಬೇಕಲ್ಲ, ಅದಕ್ಕೆಂದು ಒಂದು ಮನೆಯನ್ನೂ ಕಟ್ಟಿಕೊಡುತ್ತಿದ್ದ!

ನಮ್ಮದು ಮಗ್ಗದ ಮನೆತನ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಲಾರೆ ಎಂದು ಚಿಕ್ಕಪ್ಪ ಎಳೆ ಪ್ರಾಯದಲ್ಲೇ ಕರಣೆ ಹಿಡಿದು ಗಾರೆ ಮೇಸ್ತ್ರಿಯಾದ. ತಾನು ಕೂರಲಾರದವನಿಗೆ ಊರನ್ನೆಲ್ಲ ಕೂರಿಸುವ ಹುಚ್ಚು ಅದೆಲ್ಲಿಂದ ಹಿಡಿಯಿತೋ ಕಾಣೆ. ಅವನ ಅಳತೆ ಟೇಪು ಯಾವುದು ಬಲ್ಲಿರಾ? ನಮ್ಮಜ್ಜಿ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಕೆಲಸದ ಜಾಗಕ್ಕೆಲ್ಲ ಕರೆದೊಯ್ಯುತ್ತಿದ್ದ. ಅಜ್ಜಿ ಹೊಸ ಜಗಲಿಯ ಮೇಲೆ ಕೂತರೆ ಎರಡೂ ಪಾದ ನೆಲಕ್ಕೆ ತಾಗಬೇಕು. ಏನನ್ನೂ ಹಿಡಿಯದೆ ಏಳಬೇಕು. ಏಳಲಾಗದಿದ್ದರೆ ಜಗಲಿ ಫೇಲು, ಒಡೆದು ಮತ್ತೆ ಕಟ್ಟು. ಒಂದು ಸಲ ಸಿಮೆಂಟು ಆರುವ ಮೊದಲೇ ಅಜ್ಜಿ ಕೂತುಬಿಟ್ಟಳು. ಗುರುತು ಹಾಗೇ ಉಳಿಯಿತು. ಮನೆಯವನು ಸರಿಮಾಡು ಎಂದರೆ ಚಿಕ್ಕಪ್ಪ, "ಅದು ಗೌರ್ಮೆಂಟ್ ಸೀಲ್ ಇದ್ದಂಗೆ ಕಣಪ್ಪ, ಮುಟ್ಬ್ಯಾಡ" ಅಂದ.

ಎಂಬತ್ತರ ದಶಕದಲ್ಲಿ ಎಲ್ಲರಿಗೂ ಕಾಂಪೌಂಡಿನ ಖಯಾಲಿ ಬಂತು. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಜಗಲಿ ಬೇಡವೇ ಬೇಡ, ಆಳೆತ್ತರ ಗೋಡೆ ಎಬ್ಬಿಸು ಎಂದರು. ಚಿಕ್ಕಪ್ಪ ತುಂಬಾ ವಿನಯದಿಂದ ತಲೆಯಾಡಿಸಿದ. ಅವನು ವಿನಯ ತೋರಿಸಿದಾಗ ಹುಷಾರಾಗಿರಬೇಕೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಗೋಡೆ ಎದ್ದಿತು; ಅದರ ಹೊರಮೈಗೆ, ಬೀದಿಯ ಕಡೆಗೆ, ಉದ್ದಕ್ಕೂ ಜಗಲಿ ಅಂಟಿಕೊಂಡಿತ್ತು!

"ಏನ್ ಮೇಸ್ತ್ರಿ ಇದು?"

"ಗೋಡೆ ಒಳಮಕ ನಿಮ್ದು ಸಾಮಿ, ಹೊರಮಕ ಬೀದೀದು. ಬೀದಿಯೋರು ಕುಂತ್ಕಳ್ಳಿ ಬಿಡಿ."

ಗೃಹಪ್ರವೇಶದ ದಿನ ಸಾಹುಕಾರರ ತಂದೆಯೇ ಹೊರಗೆ ಬಂದು ಆ ಜಗಲಿಯ ಮೇಲೆ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. "ಒಳಗೇನೈತಲಾ? ಮೊಸಾಯಿಕ್ ನೆಲ ನನ್ ಜೊತೆ ಮಾತಾಡ್ತದಾ?" ಎಂದರಂತೆ. ಆ ಜಗಲಿ ಒಡೆಯುವ ಮಾತು ಅಲ್ಲಿಗೇ ನಿಂತಿತು.

ಆಗ ನಾನು ಕಲ್ಯಾಣದುರ್ಗದಲ್ಲಿ ಸಂಸಾರ ಹೂಡಿ, ಬ್ರಹ್ಮಸಮುದ್ರದ ಸ್ಕೂಲಿನಲ್ಲಿ ಟೀಚರಾಗಿದ್ದೆ. ಆಪರೇಷನ್ ಆಗಿ ಹೆರಿಗೆಯಾಗಿತ್ತು. ರಜೆ ಮುಗಿದ ಮೇಲೆ ಬೆಳಗ್ಗೆ ಬ್ರಹ್ಮಸಮುದ್ರದ ಬಸ್ಸಿಗಾಗಿ ಒಂದೊಂದು ಗಂಟೆ ಕಾಯಬೇಕು. ಕೂಲಿಗೆ ಹೋಗುವ ಹೆಂಗಸರು ಬೇವಿನ ಮರದಡಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಹೊಲಿಗೆ ಹಾಕಿದ ಹೊಟ್ಟೆ ನನ್ನದು, ಕೂತರೆ ಏಳಲಾರೆ. ನಿಂತರೆ ಕಣ್ಣು ಕತ್ತಲೆ. ಕೆಲಸ ಬಿಟ್ಟುಬಿಡಲೇ ಎಂದು ದಿನವೂ ಯೋಚಿಸುತ್ತಿದ್ದೆ.

ಮಗು ನೋಡಲು ಬಂದ ಚಿಕ್ಕಪ್ಪ ನನ್ನನ್ನು ಬಸ್ ಹತ್ತಿಸಲು ಜೊತೆಗೆ ಬಂದ. ಬೇವಿನ ಮರದ ಸುತ್ತ ಎರಡು ಸಲ ಹೆಜ್ಜೆ ಎಣಿಸಿದ. ಆಮೇಲೆ, "ಇಷ್ಟ್ ದೊಡ್ ಊರಾಗೆ ಒಂದ್ ಕಟ್ಟೆ ಇಲ್ವಲ್ಲಮ್ಮ. ನೀನು ಸ್ಕೂಲಿಗೋಗು. ನಾನು ಪಂಚಾಯ್ತಿ ಆಫೀಸಿಗೆ ಹೋಯ್ತೀನಿ" ಎಂದ.

ನಮ್ಮ ಗಡಿ ಸೀಮೆಯಲ್ಲಿ ಆಫೀಸಿನ ಭಾಷೆ ತೆಲುಗು, ಅರ್ಜಿಯನ್ನು ತಾನೇ ತೆಲುಗಿನಲ್ಲಿ ಬರೆದ: ಬಸ್ಟಾಂಡು ದಗ್ಗರ ದಿಕ್ಕು ಲೇನಿ ಆಡವಾಳ್ಳಕಿ ಕಟ್ಟೆ ಕಾವಾಲಿ. ಬಸ್ಟಾಂಡಿನ ಹತ್ತಿರ ದಿಕ್ಕಿಲ್ಲದ ಹೆಂಗಸರಿಗೆ ಕಟ್ಟೆ ಬೇಕು. ನಮ್ಮ ಕಡೆಯವರಾಗಿದ್ದರೆ ಎರಡೂ ಭಾಷೆ ಬೆರೆಸಿ ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಆಫೀಸರು ದೂರದ ತೆಲುಗು ಕರಾವಳಿಯಿಂದ ಹೊಸದಾಗಿ ಬಂದವರು. ಅವರ ತೆಲುಗಿನಲ್ಲಿ ಕಟ್ಟೆ ಎಂದರೆ ಸೌದೆ. ದಿಕ್ಕಿಲ್ಲದವರಿಗೆ ಸೌದೆ ಯಾವಾಗ ಬೇಕಾಗುತ್ತದೆ? ಅವರು ಕನ್ನಡಕ ತೆಗೆದು, ಎದ್ದುನಿಂತು, ಮೆಲ್ಲಗೆ ಕೇಳಿದರು: "ಎವರು ಪೋಯಾರು?" ಯಾರು ಹೋದರು ಎಂದು.

"ಇಂಕಾ ಎವರೂ ಪೋಲೇದು ಸಾರ್," ಎಂದ ಚಿಕ್ಕಪ್ಪ. "ಪೊದ್ದುನ್ನಿಂಚಿ ಅಂದರೂ ಕಾಚುಕೊನಿ ಉನ್ನಾರು." ಇನ್ನೂ ಯಾರೂ ಹೋಗಿಲ್ಲ, ಬೆಳಗಿನಿಂದ ಎಲ್ಲರೂ ಕಾಯ್ತಾ ಇದ್ದಾರೆ!

ಸಂಜೆಗೆ ಬೇವಿನ ಮರದಡಿ ಒಂದು ಗಾಡಿ ಸೌದೆ ಬಂದು ಬಿತ್ತು. ಚಿಕ್ಕಪ್ಪ ಅದನ್ನು ಹತ್ತಿರದ ಹುಡುಗರ ಹಾಸ್ಟೆಲಿನ ಅಡುಗೆಮನೆಗೆ ಸಾಗಿಸಿ, ಮರುದಿನ ಆಫೀಸಿನ ನೆಲದ ಮೇಲೇ ಸೀಮೆಸುಣ್ಣದಲ್ಲಿ ಮರ, ಕಟ್ಟೆ, ಕೂತ ಹೆಂಗಸರು ಎಲ್ಲ ಬರೆದು ತೋರಿಸಿದ. ಆಫೀಸರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಕಟ್ಟಿಕೋ, ಆದರೆ ಇಂಜಿನಿಯರು ತಪಾಸಣೆಗೆ ಬಂದು ಬೇಡವೆಂದರೆ ಒಡೆಯಬೇಕು ಎಂದರು. ಒಬ್ಬರ ಹಿತ್ತಲಿನ ಚಪ್ಪಡಿ, ಇನ್ನೊಬ್ಬರ ಹಳೇ ಇಟ್ಟಿಗೆ, ಹೆಂಗಸರೇ ಹೊತ್ತು ತಂದ ಕಲ್ಲು. ನಾಲ್ಕೇ ದಿನಕ್ಕೆ ಮರದ ಸುತ್ತ ದುಂಡನೆಯ ಕಟ್ಟೆ ಎದ್ದಿತು. ನಾನು ಅದರ ಮೇಲೆ ಕೂತೆ, ಆರಾಮಾಗಿ ಎದ್ದೆ. ಕೆಲಸ ಬಿಡುವ ಯೋಚನೆಯನ್ನು ಬಿಟ್ಟೆ.

ಇಂಜಿನಿಯರು ಬಂದರು. ನಕ್ಷೆ ಬಿಡಿಸಿ ನೋಡಿ, "ಪ್ಲಾನ್‌ನಲ್ಲಿ ಇದು ಇಲ್ಲ, ಒಡೆಯಿರಿ" ಎಂದರು. ನಾವು ಹತ್ತು ಹನ್ನೆರಡು ಜನ ಹೆಂಗಸರು ಕಟ್ಟೆಯ ಮೇಲಿದ್ದೆವು.

"ಲೇವಂಡಮ್ಮಾ, ಏಳಿ."

"ಬಸ್ ಬರ್ಲಿ ಕಣಪ್ಪ, ಎದ್ದೋಯ್ತೀವಿ," ಎಂದಳು ಬ್ರಹ್ಮಸಮುದ್ರದ ಒಬ್ಬ ಮುದುಕಿ.

ನಮ್ಮ ಬಸ್ಸಿನ ಚರಿತ್ರೆ ಪಾಪ ಅವರಿಗೇನು ಗೊತ್ತು? ಬಿಸಿಲು ಏರಿತು. ಇಂಜಿನಿಯರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು. ಮುದುಕಿ ಸರಿದು ಜಾಗ ಬಿಟ್ಟಳು. "ನೀನೂ ಕುಂತ್ಕಳಪ್ಪ, ಕಾಲ್ ನೋಯ್ತದೆ." ಅವರು ಕೂತರು. ಮರಕ್ಕೆ ಒರಗಿದರು. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟು, ಪೆನ್ಸಿಲ್ ತೆಗೆದು, ನಕ್ಷೆಯಲ್ಲಿ ಮರದ ಸುತ್ತ ಒಂದು ಸೊನ್ನೆ ಸುತ್ತಿದರು. "ಪ್ಲಾನ್‌ನಲ್ಲಿ ಇದೆ," ಎಂದರು. "ಯಾರು ಕಟ್ಟಿದ್ದು?"

ಈಗ ಒಂದು ಮಾತು ಹೇಳಲೇಬೇಕು. ಕಲ್ಯಾಣದುರ್ಗದಲ್ಲಿ ನಾನು ಅವನನ್ನು ಯಾರಿಗೂ ಚಿಕ್ಕಪ್ಪ ಎಂದು ಹೇಳಿರಲಿಲ್ಲ. ಅವನ ಕೈಕಾಲೆಲ್ಲ ಸಿಮೆಂಟು, ನಾನೋ ಮೇಡಂ. ಜೊತೆಯ ಟೀಚರು ಕೇಳಿದಾಗ "ಹಿಂದೂಪುರದ ಮೇಸ್ತ್ರಿ" ಎಂದುಬಿಟ್ಟಿದ್ದೆ. ಅದು ಅವನ ಕಿವಿಗೆ ಬಿದ್ದಿತ್ತು. ಅಂದಿನಿಂದ ನಾಲ್ಕು ಜನರೆದುರು ನನ್ನನ್ನು "ಮೇಡಮ್ಮೋರೇ" ಎಂದೇ ಕರೆಯುತ್ತಿದ್ದ, ನನ್ನ ಸುಳ್ಳು ಬಯಲಾಗದಿರಲಿ ಎಂದು.

ಅವತ್ತೂ ನನಗಿಂತ ಮೊದಲು ಅವನೇ ಮುಂದೆ ಬಂದ. "ನಾನೇ ಸಾರ್, ಹಿಂದೂಪುರದ ಮೇಸ್ತ್ರಿ. ಈ ಮೇಡಮ್ಮೋರ್ಗೂ ಇದುಕ್ಕೂ ಏನೂ ಸಂಬಂಧ ಇಲ್ಲ."

"ನಮ್ಮ ಚಿಕ್ಕಪ್ಪ, ಸಾರ್," ಎಂದೆ ನಾನು, ಎಲ್ಲರಿಗೂ ಕೇಳುವಂತೆ. ಅಷ್ಟು ಹೆಮ್ಮೆಯಿಂದ ನಾನು ಇನ್ನಾವ ಮಾತನ್ನೂ ಆಡಿದ್ದಿಲ್ಲ.

ಚಿಕ್ಕಪ್ಪ ಹೆಗಲ ಟವೆಲ್ಲು ತೆಗೆದು ಮುಖಕ್ಕೆ ಒತ್ತಿಕೊಂಡ. "ಬಸ್ ಬಂತು, ಹತ್ತು ಮಗಾ," ಎಂದ ಅದರೊಳಗಿಂದಲೇ.

ಬಸ್ಸೇನೂ ಬಂದಿರಲಿಲ್ಲ.